ಕಾಲುವೆಯ ದಂಡೆಯಲ್ಲೊಂದು ಪ್ರಯೋಗಶಾಲೆ

ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳ ಹೊಲಗದ್ದೆಗಳನ್ನು ತೋಯಿಸುತ್ತ ಸಾಗಿ, ಕೊನೆಯ ಭಾಗದ ರೈತನನ್ನು ಮುಟ್ಟುವ ವೇಳೆಗೆ ಎಷ್ಟು ಉಳಿದಿರುವುದೆಂಬುದು ಈ ಸೀಮೆಯ ಬಹುಕಾಲದ ಚಿಂತೆ. ಸರದಿಯಂತೆ ನೀರು ಬಿಡುವ ವಾರಾಬಂದಿಯ ರಾತ್ರಿಗಳಲ್ಲಿ ತೂಬಿನ ಬಳಿ ಕಾದು ಕುಳಿತವರ ಮಕ್ಕಳು ಇಂದು ಗಣಕವಿಜ್ಞಾನವನ್ನು ಓದುತ್ತಿರುವರು. ಅವರ ಅಂತಿಮ ವರ್ಷದ ‘ಪ್ರಾಜೆಕ್ಟು’ ಈ ಚಿಂತೆಯಿಂದಲೇ ಏಕೆ ಹುಟ್ಟಬಾರದು?

ಅದಕ್ಕೆ ನೆರವೀಯುವ ಸಂಸ್ಥೆಯೂ ನಮ್ಮಲ್ಲುಂಟು. 1975ರಲ್ಲಿ ಸ್ಥಾಪಿತವಾಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನೆಲಸಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977ರಿಂದ ವಿದ್ಯಾರ್ಥಿಗಳ ಯೋಜನೆಗಳಿಗೆ ಧನಸಹಾಯ ನೀಡುತ್ತ ಬಂದಿದೆ. ಕಾಲೇಜುಗಳು ಕಳುಹಿದ ಪ್ರಸ್ತಾವಗಳಲ್ಲಿ ಯೋಗ್ಯವಾದುವನ್ನು ಆರಿಸಿ, ನಡುವೆ ಪರಿಶೀಲಿಸಿ, ಉತ್ತಮವಾದುವನ್ನು ರಾಜ್ಯಮಟ್ಟದ ಪ್ರದರ್ಶನಕ್ಕೆ ಕರೆಯುವುದು ಅದರ ಕ್ರಮ.

ನೀರಿನ ಮಟ್ಟವನ್ನು ಅಳೆಯುವ ಸಾಧನವನ್ನೇ ನೋಡಿ. ಮೇಲೆ ಕಟ್ಟಿದ ಸಂವೇದಕವು ಕಿವಿಗೆ ಕೇಳದ ಧ್ವನಿಯನ್ನು ಕೆಳಗೆ ಕಳುಹಿ, ಮರುದನಿ ಬರಲು ಹಿಡಿದ ಕಾಲದಿಂದ ದೂರವನ್ನು ಗಣಿಸುವುದು. ಧ್ವನಿಯ ವೇಗ ಸೆಕೆಂಡಿಗೆ 343 ಮೀಟರೆಂಬುದು 20 ಡಿಗ್ರಿ ಸೆಲ್ಸಿಯಸ್ಸಿನ ಮಾತು. ಯಾದಗಿರಿಯ ಬೇಸಗೆಯಲ್ಲಿ ಉಷ್ಣಮಾನವು 40ಕ್ಕೆ ಏರಿದಾಗ ಆ ವೇಗವು ಸುಮಾರು 355 ಆಗುವುದರಿಂದ, 2 ಮೀಟರು ಕೆಳಗಿರುವ ನೀರು ಸುಮಾರು 7 ಸೆಂಟಿಮೀಟರು ಮೇಲಿರುವಂತೆ ತೋರುವುದು. ಇಲ್ಲದ ನೀರನ್ನು ಇದೆಯೆಂದು ಹೇಳುವ ಯಂತ್ರದಿಂದ ಕೊನೆಯ ಭಾಗದ ರೈತನಿಗೆ ಏನು ಫಲ? ಪುಟ್ಟ ಉಷ್ಣಮಾಪಕವೊಂದನ್ನು ಬೆಸೆದು, ಪ್ರೋಗ್ರಾಮಿನಲ್ಲಿ ಒಂದು ಸಾಲನ್ನು ಸೇರಿಸಿದರೆ ದೋಷವು ಬಹುಮಟ್ಟಿಗೆ ನೀಗುವುದು. ಆದರೆ ಅದು ಕಾಣುವುದು, ಬಿಸಿಲಿನಲ್ಲಿ ದಂಡೆಯ ಮೇಲೆ ನಿಂತು ಅಳತೆಗೋಲನ್ನಿಳಿಸಿ ಹೋಲಿಸಿದವನ ಕಣ್ಣಿಗೆ.

ಬೆಸುಗೆಯೂ ಸುಲಭವಾದ ವಿದ್ಯೆಯಲ್ಲ. ಕಾದ ತುದಿಯನ್ನು ತಂತಿಗೂ ತಾಮ್ರದ ಪಟ್ಟಿಗೂ ಒಮ್ಮೆಗೇ ತಾಗಿಸಿ, ತವರವು ತಾನಾಗಿ ಹರಿಯುವವರೆಗೆ ಕಾಯಬೇಕು. ಅವಸರಿಸಿದರೆ ಮೇಲೆ ಮಾತ್ರ ಅಂಟಿದ ಬೆಸುಗೆ ಬೇಗನೆ ಬಿಡುವುದು. ಸುರಪುರದ ಚಿಕಣಿ ಚಿತ್ರಗಳ ಒಂದೊಂದು ಎಳೆಯನ್ನೂ ಕಂಡವರಿಗೆ, ಕೈ ಪಳಗಲು ಎಷ್ಟು ಕಾಲ ಬೇಕೆಂದು ಹೇಳಬೇಕಾಗಿಲ್ಲ. ಸಿದ್ಧಪಡಿಸಿದ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತಂದು ಅಂಕ ಪಡೆವ ಪದ್ಧತಿಯು ವಿದ್ಯಾರ್ಥಿಯಿಂದ ಆ ಕಾಲವನ್ನೇ ಅಪಹರಿಸುವುದು. ಇದನ್ನು ನಾನು ದೊಡ್ಡ ಅನ್ಯಾಯವೆಂದೇ ಎಣಿಸುವೆನು.

ಈ ಸೀಮೆಯ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹ: ಮುಂದಿನ ವರ್ಷ ಮಂಡಳಿಗೆ ಕಳುಹುವ ಪ್ರಸ್ತಾವಗಳಲ್ಲಿ, ಒಂದು ಹಂಗಾಮು ಪೂರ್ತಿ ಕಾಲುವೆಯ ದಂಡೆಯಲ್ಲಿ ಪರೀಕ್ಷೆಗೊಳಗಾಗುವ ಸಾಧನವೊಂದಾದರೂ ಇರಲಿ.