ಮರುಭೂಮಿಯ ಹಿತ್ತಿಲಲ್ಲೊಂದು ಕೋಳಿಗೂಡು



ವೈದ್ಯರಾದ ನಾವು ರಕ್ತದೊತ್ತಡವನ್ನೋ ಸಕ್ಕರೆ ಕಾಯಿಲೆಯನ್ನೋ ಬಿಟ್ಟು ಕೋಳಿಗೂಡಿನ ಮಾತೆತ್ತಿದೆವೆಂದು ತಾವು ನಗಬಹುದು. ಆದರೆ ರಿಯಾದಿನ ನಮ್ಮ ಹಿತ್ತಿಲಲ್ಲಿ ಜೂನ್ ತಿಂಗಳ ಒಂದು ಮಧ್ಯಾಹ್ನ ಎಂಟು ಕೋಳಿಗಳಲ್ಲಿ ಐದು ಸತ್ತುಬಿದ್ದವು. ರೋಗದಿಂದಲ್ಲ, ನಾವೇ ಕಟ್ಟಿದ ಗೂಡಿನಿಂದ. ಅವಕ್ಕೆಲ್ಲ ಹೆಸರಿಟ್ಟಿದ್ದ ಮಗಳು ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ.

ಊರಿನಲ್ಲಿ ಸಂಜೆ ಮಂಕರಿ ಕವುಚಿ, ಮೇಲೊಂದು ಕಲ್ಲು ಹೇರಿದರೆ ಗೂಡಿನ ಕೆಲಸ ಮುಗಿಯುತ್ತಿತ್ತು. ಉನ್ನತ ತರಬೇತಿಗೆಂದು ಐರ್ಲೆಂಡಿನಲ್ಲಿದ್ದಾಗ ಕಂಡದ್ದು ಬೇರೆ: ಚಳಿಗಾಳಿ ನುಸುಳದ ಮರದ ಪೆಟ್ಟಿಗೆ. ಅದನ್ನೇ ಇಲ್ಲಿ ತಗಡು ಹೊದಿಸಿ ಕಟ್ಟಿದೆವು. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ಊರಿನಲ್ಲಿ ಅದು ಗೂಡಾಗಲಿಲ್ಲ, ಒಲೆಯಾಯಿತು.

ಕೋಳಿಗೆ ಬೆವರು ಗ್ರಂಥಿಗಳಿಲ್ಲ. ಅದರ ಮೈಶಾಖವೇ ಸುಮಾರು 41 ಡಿಗ್ರಿ. ಸುತ್ತಲಿನ ಗಾಳಿ ಅದಕ್ಕಿಂತ ಬಿಸಿಯಾದರೆ, ಬಾಯಿ ತೆರೆದು ಏದುಸಿರು ಬಿಟ್ಟು ಮೈಯ ನೀರನ್ನು ಆವಿಯಾಗಿಸುವುದೇ ಅದಕ್ಕುಳಿಯುವ ಮುಖ್ಯ ದಾರಿ. ಆಗ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತದ ಕ್ಷಾರತೆ ಏರುತ್ತದೆ, ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ. ನಮ್ಮ ಮೊಟ್ಟೆಗಳು ಮೇ ತಿಂಗಳಲ್ಲೇ ಕೈಯಲ್ಲಿ ಬಿರಿಯುತ್ತಿದ್ದವು. ರೋಗಿಯ ಏದುಸಿರನ್ನು ಬಾಗಿಲಲ್ಲೇ ಗುರುತಿಸುವ ನಾವು, ಇದನ್ನು ಸುಣ್ಣದ ಕೊರತೆಯೆಂದು ತಳ್ಳಿಹಾಕಿದೆವು.

ಎರಡನೆಯ ಗೂಡನ್ನು ಮನೆಯ ಪೂರ್ವದ ಗೋಡೆಯ ಬದಿಗೆ ಕಟ್ಟಿದೆವು. ಮಧ್ಯಾಹ್ನದ ಬಳಿಕ ಅಲ್ಲಿ ನೆರಳು. ಆರು ಕೋಳಿಗಳಿಗೆ ಆರಡಿ ಉದ್ದ, ನಾಲ್ಕಡಿ ಅಗಲ. ಎರಡು ಬದಿಗೆ ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿ. ಬೆಕ್ಕು, ಹೆಗ್ಗಣಗಳಿಗೆ ದಾರಿಯಿಲ್ಲ. ಶಮಾಲ್ ಗಾಳಿ ಧೂಳೆಬ್ಬಿಸಿದಾಗ ಇಳಿಬಿಡಲು ಕ್ಯಾನ್ವಾಸ್ ಪರದೆ. ಮಾಡು ಎರಡು ಪದರ, ನಡುವೆ ಗಾಳಿಯಾಡಲು ನಾಲ್ಕು ಇಂಚು ತೆರಪು, ಮೇಲೆ ಖರ್ಜೂರದ ಗರಿ. ರಿಯಾದಿನ ಒಣಹವೆಯಲ್ಲಿ ನೀರಿನ ಕೂಲರ್ ಚೆನ್ನಾಗಿ ತಂಪು ಕೊಡುತ್ತದೆ. ಜುಬೈಲ್, ದಮ್ಮಾಮ್‌ಗಳ ತೇವದ ದಿನಗಳಲ್ಲಿ ಅದರ ಆಟ ನಡೆಯದು. ಅಲ್ಲಿನ ಬಂಧುಗಳು ಫ್ಯಾನನ್ನೇ ನಂಬಬೇಕು.

ಇನ್ನು ಶುಚಿತ್ವ. ಬಾಗಿ ನುಗ್ಗಬೇಕಾದ ಗೂಡನ್ನು ಯಾರೂ ಗುಡಿಸುವುದಿಲ್ಲ; ಆದ್ದರಿಂದ ಬಾಗಿಲು ಆಳೆತ್ತರವಿರಲಿ. ಕೋಳಿ ರಾತ್ರಿ ಕೂರುವ ಕೋಲಿನಡಿ ಎಳೆದು ತೆಗೆಯುವ ತಟ್ಟೆಯಿಟ್ಟರೆ ಹಿಕ್ಕೆಯ ಬಹುಪಾಲು ಅದರಲ್ಲೇ ಬೀಳುತ್ತದೆ, ಬೆಳಗಿನ ಕೆಲಸ ಐದು ನಿಮಿಷದ್ದು. ಈ ಕೋಲು ಮೊಟ್ಟೆಯ ಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು. ಇಲ್ಲವಾದರೆ ಅವು ಪೆಟ್ಟಿಗೆಯಲ್ಲೇ ಮಲಗಿ ಕೊಳೆಮಾಡುತ್ತವೆ. ನೆಲಕ್ಕೆ ಹಾಸಿದ ಮರದ ಹೊಟ್ಟು ಒದ್ದೆಯಾದರೆ ಅಮೋನಿಯಾ ಎದ್ದು ಕಣ್ಣುರಿ ತರುತ್ತದೆ. ನೀರಿನ ಪಾತ್ರೆ ಗೂಡಿನ ಹೊರಗೆ, ನೆರಳಿನಲ್ಲಿರಲಿ.

ಆರೋಗ್ಯವಾಗಿ ಕಾಣುವ ಕೋಳಿಯೂ ಸಾಲ್ಮೊನೆಲ್ಲಾ ಹೊತ್ತಿರಬಹುದು. ಗೂಡಿಗೆಂದೇ ಬೇರೆ ಚಪ್ಪಲಿ, ಮುಟ್ಟಿದ ಮೇಲೆ ಸಾಬೂನು. ಐದು ವರ್ಷದೊಳಗಿನ ಮಕ್ಕಳಿಗೆ ಕೋಳಿ ಎತ್ತಿಕೊಳ್ಳಲು ಕೊಡಬೇಡಿ. 2007ರಲ್ಲಿ ಅಲ್ ಖರ್ಜ್‌ನಲ್ಲಿ, 2017ರ ಕೊನೆಗೆ ರಿಯಾದಿನಲ್ಲಿ ಹಕ್ಕಿಜ್ವರ ಕಂಡಿತ್ತು. ಮೇಲ್ಭಾಗವನ್ನೂ ಮುಚ್ಚಿ, ಪಾರಿವಾಳಗಳು ಮೇವಿಗೆ ಬಾಯಿಹಾಕದಂತೆ ನೋಡಿಕೊಳ್ಳಿ. ಸಂತೆಯಿಂದ ತಂದ ಹೊಸ ಕೋಳಿಯನ್ನು ಮೂರು ವಾರ ಪ್ರತ್ಯೇಕವಾಗಿಡಿ. ಒಮ್ಮೆಗೇ ಹಲವು ಸತ್ತರೆ ಬರಿಗೈಯಲ್ಲಿ ಮುಟ್ಟದೆ ಕೃಷಿ ಸಚಿವಾಲಯಕ್ಕೆ ತಿಳಿಸಿ. ಮೊಳೆ ಹೊಡೆಯುವ ಮೊದಲು ಮನೆಯ ಮಾಲೀಕರನ್ನೂ ಬಲದಿಯಾವನ್ನೂ ಕೇಳುವುದು ಒಳ್ಳೆಯದು.

ಉಳಿದ ಮೂರು ಕೋಳಿಗಳು ಮರುವರ್ಷದ ಆಗಸ್ಟನ್ನು ಹೊಸ ಗೂಡಿನಲ್ಲಿ ಕಳೆದವು. ಮೊಟ್ಟೆ ಕಡಿಮೆಯಾಯಿತು, ಚಿಪ್ಪು ಮಾತ್ರ ಗಟ್ಟಿಯಾಗಿತ್ತು. ಹೊಸದಾಗಿ ತಂದ ಮೂರಕ್ಕೆ ಮಗಳು ಇನ್ನೂ ಹೆಸರಿಟ್ಟಿಲ್ಲ.