ಉಬ್ಬಸದ ಮಗುವೂ ಇನ್ಹೇಲರೂ

ನಂಜನಗೂಡು ಸೀಮೆಯ ತಾಂಡ್ಯವು ಇಂದು ಕೈಗಾರಿಕಾ ಪ್ರದೇಶ. ಅದರ ಸುತ್ತಲೂ ಬೇಸಾಯದ ಹಳ್ಳಿಗಳಿವೆ. ಕಾರ್ಖಾನೆಯ ನೆರೆಯಾಗಲಿ, ಸೌದೆಯ ಒಲೆ ಉರಿಯುವ ಹಳ್ಳಿಯಾಗಲಿ, ಗೂರಲು ಹಿಡಿದ ಮಗುವಿಲ್ಲದ ಊರು ಅಪರೂಪ. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಪರೀಕ್ಷಿಸಿದಾಗ, 1979ರಲ್ಲಿ ನೂರಕ್ಕೆ 9ರಷ್ಟು ಮಕ್ಕಳಲ್ಲಿದ್ದ ಉಬ್ಬಸವು 1999ರಲ್ಲಿ ನೂರಕ್ಕೆ 29.5ರಷ್ಟು ಮಕ್ಕಳಲ್ಲಿ ಕಂಡುಬಂದಿತು.

ಇಂಥ ಮಗುವಿಗೆ ವೈದ್ಯರು ಇನ್ಹೇಲರನ್ನು ಬರೆದುಕೊಟ್ಟೊಡನೆ ಮನೆಯವರು ಗಾಬರಿಗೊಳ್ಳುವುದುಂಟು. ‘ಅದು ಬಲು ಖಾರದ ಔಷಧ, ಒಮ್ಮೆ ಹಿಡಿದರೆ ಬಿಡುವಂತಿಲ್ಲ, ಮಗು ಕುಳ್ಳಾಗುತ್ತದೆ, ಸಿರಪ್ಪೇ ವಾಸಿ’ ಎಂಬ ಮಾತುಗಳು ಕೇಳಿಬರುತ್ತವೆ. ಇವು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರಿಶೀಲಿಸೋಣ.

ಉಬ್ಬಸದಲ್ಲಿ ಶ್ವಾಸನಾಳಗಳ ಒಳಪೊರೆಯು ಊದಿಕೊಂಡಿರುತ್ತದೆ. ಧೂಳು, ಹೊಗೆ ಅಥವಾ ನೆಗಡಿ ತಾಕಿದಾಗ ನಾಳವನ್ನು ಸುತ್ತುವರಿದ ಸ್ನಾಯು ಬಿಗಿಯುತ್ತದೆ, ಉಸಿರು ಸಿಳ್ಳಿಡುತ್ತದೆ. ರೋಗದ ನೆಲೆ ಶ್ವಾಸನಾಳವೇ ಆಗಿರುವಾಗ ಔಷಧವೂ ಅಲ್ಲಿಗೇ ಹೋಗಬೇಕಲ್ಲವೆ? ಹೊಟ್ಟೆಗೆ ಕೊಟ್ಟ ಸಿರಪ್ಪು ರಕ್ತದೊಡನೆ ದೇಹವೆಲ್ಲ ಸುತ್ತಿ, ಸ್ವಲ್ಪಾಂಶ ಮಾತ್ರ ಶ್ವಾಸಕೋಶವನ್ನು ಸೇರುತ್ತದೆ. ಸಾಲ್ಬ್ಯುಟಮಾಲ್ ಸಿರಪ್ಪಿನ 5 ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 2 ಮಿಲಿಗ್ರಾಂ ಔಷಧವಿರುತ್ತದೆ. ಇನ್ಹೇಲರಿನ ಒಂದು ಒತ್ತಿಗೆ ಹೊರಡುವುದು 100 ಮೈಕ್ರೋಗ್ರಾಂ, ಎಂದರೆ ಅದರ ಇಪ್ಪತ್ತನೆಯ ಒಂದು ಪಾಲು. ‘ಖಾರದ ಔಷಧ’ ಯಾವುದೆಂದು ಓದುಗರೇ ನಿರ್ಣಯಿಸಬಹುದು.

ಇನ್ಹೇಲರು ಚಟ ಹಿಡಿಸುವುದೆಂಬುದೂ ತಪ್ಪು. ಬಹುದಿನ ಬಳಸಬೇಕಾಗುವುದು ರೋಗವು ಬಹುದಿನ ಇರುವುದರಿಂದ. ಕನ್ನಡಕವನ್ನು ಧರಿಸುವವರಿಗೆ ಅದು ಚಟವೆಂದು ಯಾರೂ ಹೇಳುವುದಿಲ್ಲವಷ್ಟೆ.

ಇನ್ಹೇಲರುಗಳಲ್ಲಿ ಎರಡು ಬಗೆಯುಂಟೆಂಬುದನ್ನು ಮರೆಯಬಾರದು. ಸಾಲ್ಬ್ಯುಟಮಾಲ್ ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಆದರೆ ಊತವನ್ನು ಇಳಿಸದು. ಬ್ಯುಡೆಸೊನೈಡಿನಂಥ ಸ್ಟೀರಾಯ್ಡುಗಳು ಊತವನ್ನು ಇಳಿಸುತ್ತವೆ. ಆದರೆ ಅದಕ್ಕೆ ದಿನಗಳೂ ವಾರಗಳೂ ಬೇಕು. ಉಬ್ಬಸ ಕಾಣದೆಂದು ಈ ಎರಡನೆಯದನ್ನು ತಾವಾಗಿಯೇ ನಿಲ್ಲಿಸಿ, ಮೊದಲನೆಯದನ್ನೇ ನೆಚ್ಚುವುದು ಅತ್ಯಂತ ಅಪಾಯಕರವಾದ ತಪ್ಪು. ಹೊರಗೆ ಶಾಂತವಾಗಿ ಕಂಡರೂ ಒಳಗೆ ಊತ ಬೆಳೆಯುತ್ತಿದ್ದು, ಒಂದು ರಾತ್ರಿ ಪ್ರಾಣಕ್ಕೇ ಸಂಚಕಾರ ತರಬಲ್ಲದು.

ಬೆಳವಣಿಗೆಯ ಭಯದಲ್ಲಿ ಸ್ವಲ್ಪ ಸತ್ಯಾಂಶವಿದೆ. ಬಾಲ್ಯದಲ್ಲಿ ನಾಲ್ಕಾರು ವರ್ಷ ಪ್ರತಿದಿನ 400 ಮೈಕ್ರೋಗ್ರಾಂ ಬ್ಯುಡೆಸೊನೈಡ್ ಪಡೆದವರು ಪ್ರಾಯಕ್ಕೆ ಬಂದಾಗ, ಅದನ್ನು ಪಡೆಯದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕುಳ್ಳಗಿದ್ದರೆಂದು ಉತ್ತರ ಅಮೆರಿಕದ ಅಧ್ಯಯನವೊಂದು 2012ರಲ್ಲಿ ತಿಳಿಸಿತು. ಒಂದು ಬೆರಳಿನ ಅಗಲಕ್ಕೂ ಕಡಮೆಯಾದ ಈ ನಷ್ಟವನ್ನು, ಹತೋಟಿ ತಪ್ಪಿದ ಉಬ್ಬಸದಿಂದಾಗುವ ನಷ್ಟದೊಡನೆ ತೂಗಿ ನೋಡಬೇಕು. ಸಾಧ್ಯವಾದಷ್ಟು ಕಡಮೆ ಪ್ರಮಾಣವನ್ನು ವೈದ್ಯರು ಗೊತ್ತುಮಾಡುತ್ತಾರೆ.

‘ಮಕ್ಕಳಿಗೆ ಅದನ್ನು ಬಳಸಲು ಬಾರದು’ ಎನ್ನುವವರು ಅದರ ಜನ್ಮವೃತ್ತಾಂತವನ್ನು ಕೇಳಬೇಕು. ಅಮೆರಿಕದ ರೈಕರ್ ಕಂಪೆನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳಿಗೆ ಉಬ್ಬಸವಿದ್ದಿತು. ಕೂದಲಿಗೆ ಸಿಂಪಡಿಸುವ ದ್ರವದಂತೆ ತನ್ನ ಔಷಧವನ್ನೂ ಡಬ್ಬಿಯಲ್ಲೇಕೆ ತುಂಬಬಾರದೆಂದು ಅವಳು ಕೇಳಿದಳು. 1956ರಲ್ಲಿ ಮಾರುಕಟ್ಟೆಗೆ ಬಂದ ಇನ್ಹೇಲರು ಆ ಪ್ರಶ್ನೆಯ ಫಲ. ಒತ್ತುವುದನ್ನೂ ಉಸಿರೆಳೆಯುವುದನ್ನೂ ಒಮ್ಮೆಗೇ ಮಾಡಲಾರದ ಮಗುವಿಗೆ ಸ್ಪೇಸರ್ ಎಂಬ ಕೊಳವೆಯಿದೆ. ಔಷಧವು ಅದರಲ್ಲಿ ಕ್ಷಣಕಾಲ ತಂಗುತ್ತದೆ, ಮಗು ನಿಧಾನವಾಗಿ ಉಸಿರೆಳೆದುಕೊಳ್ಳುತ್ತದೆ. ಎಳೆಯ ಕೂಸಿಗೆ ಇದಕ್ಕೆ ಮುಖಕವಚವನ್ನು ಜೋಡಿಸಿದರಾಯಿತು. ಸ್ಟೀರಾಯ್ಡನ್ನು ಪಡೆದ ಮೇಲೆ ಬಾಯಿ ಮುಕ್ಕಳಿಸಬೇಕು.

ಮಾತಾಡಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಪಕ್ಕೆಯ ನಡುವೆ ಚರ್ಮ ಒಳಸೇದುವುದು—ಇವು ಕಂಡಲ್ಲಿ ಇನ್ಹೇಲರನ್ನು ಕೊಡುತ್ತಲೇ ಆಸ್ಪತ್ರೆಗೆ ಧಾವಿಸಬೇಕು. ತರಗತಿಯಲ್ಲಿ ಗೆಳೆಯನೊಬ್ಬನು ಇನ್ಹೇಲರನ್ನು ಹೊರತೆಗೆದಾಗ ನಗದಿರುವುದು ವಿದ್ಯಾರ್ಥಿಗಳ ಕರ್ತವ್ಯ. ನಾಚಿಕೆಯಿಂದ ಅವನದನ್ನು ಚೀಲದಲ್ಲೇ ಬಚ್ಚಿಟ್ಟರೆ ಔಷಧವಿದ್ದೂ ಫಲವಿಲ್ಲ.