ಮರಡಿಹಳ್ಳಿಯ ದಿಂಬುಗಲ್ಲು

ಚಾಮುಂಡಿ ಬೆಟ್ಟ ಹಿಂದೊಮ್ಮೆ ಜ್ವಾಲಾಮುಖಿಯಾಗಿತ್ತೇ ಎಂದು ಮೈಸೂರಿನಲ್ಲಿ ಆಗಾಗ ಯಾರಾದರೂ ಕೇಳುತ್ತಾರೆ. ಇರಲಿಲ್ಲ. ಬೆಟ್ಟದ ಗ್ರಾನೈಟು ಒಂದು ಕಾಲಕ್ಕೆ ಕರಗಿದ ಕಲ್ಲೇ ಆಗಿತ್ತು, ನಿಜ. ಆದರೆ ಸುಮಾರು 80 ಕೋಟಿ ವರ್ಷಗಳ ಹಿಂದೆ ಅದು ನೆಲದಾಳದಲ್ಲೇ ನಿಧಾನವಾಗಿ ಆರಿ ಗಟ್ಟಿಯಾಯಿತು. ಹಾಗೆ ಆರಿದ್ದರಿಂದಲೇ ಅದರ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಮೇಲಿದ್ದ ನೆಲ ಸವೆದುಹೋದ ಮೇಲೆ ಬೆಟ್ಟ ಹೊರಬಿತ್ತು. ನೆಲ ಸೀಳಿ ಹೊರಕ್ಕೆ ಹರಿದ ಲಾವಾ ನೋಡಬೇಕೆಂದರೆ ಮೈಸೂರಿನವರು ಹಿರಿಯೂರಿನ ಬಸ್ಸು ಹತ್ತಬೇಕು.

ದಾರಿ ಸುಲಭ. 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣ, ನಾಗಮಂಗಲ, ಚಿಕ್ಕನಾಯಕನಹಳ್ಳಿ, ಹುಳಿಯಾರು ದಾಟಿದರೆ ಹಿರಿಯೂರು. 200 ಕಿ.ಮೀ.ಗೆ ತುಸು ಹೆಚ್ಚು. ಕಿಟಕಿಯಲ್ಲಿ ಕಾಣುವುದು ತೆಂಗು, ರಾಗಿ ಹೊಲ, ಬೋಳು ಗುಡ್ಡ. ಆದರೆ ಶ್ರೀರಂಗಪಟ್ಟಣದ ಆಸುಪಾಸಿನಿಂದ ಗದಗದವರೆಗೆ, ಸುಮಾರು 450 ಕಿ.ಮೀ. ಉದ್ದಕ್ಕೆ, ಹಳೆಯ ಲಾವಾ ಮತ್ತು ಕಡಲ ತಳದ ಹೂಳು ಸೇರಿ ಆದ ಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಅದಕ್ಕೆ ಚಿತ್ರದುರ್ಗ ಶಿಸ್ಟ್ ಪಟ್ಟಿ ಎಂದು ಹೆಸರು. ಇದು ಸೇರುವ ಶಿಲಾಸಮೂಹವನ್ನು ಧಾರವಾಡದ ಹೆಸರಿನಿಂದ ಕರೆದವರು ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಹೊಣೆ ಹೊತ್ತವರೂ ಅವರೇ. ನಮ್ಮ ಕಡೆ ಈ ಪಟ್ಟಿ ಸೀರೆಯ ಸಣ್ಣ ಅಂಚಿನಷ್ಟು ತೆಳು. ಬಡಗಣಕ್ಕೆ ಹೋದಂತೆ ಸೆರಗಿನಂತೆ ಅಗಲವಾಗುತ್ತದೆ. ಚಿಕ್ಕನಾಯಕನಹಳ್ಳಿಯ ಕಬ್ಬಿಣ, ಮ್ಯಾಂಗನೀಸ್ ಅದಿರು ಇದರದೇ ಒಡಲಿನದು.

ಹಿರಿಯೂರು ವೇದಾವತಿಯ ದಡದ ಸಣ್ಣ ಊರು. ತೇರುಮಲ್ಲೇಶ್ವರನ ಗುಡಿ ನೋಡಿಕೊಂಡು ಮಾರಿಕಣಿವೆಗೆ ಹೋಗಿಬನ್ನಿ. ಶಿಸ್ಟ್ ಪಟ್ಟಿಯ ಬೆಟ್ಟಸಾಲನ್ನು ನದಿ ಕೊರೆದು ಹಾಯುವ ಇಕ್ಕಟ್ಟಾದ ಜಾಗಕ್ಕೆ ಅಡ್ಡಲಾಗಿ ಮೈಸೂರು ಸಂಸ್ಥಾನ ಕಟ್ಟಿಸಿದ ಅಣೆಕಟ್ಟು ಅಲ್ಲಿದೆ. ಕೆಲಸ ಮುಗಿದದ್ದು 1907ರಲ್ಲಿ. ರಾಜಪ್ರತಿನಿಧಿಯಾಗಿದ್ದ ಮಹಾರಾಣಿಯವರ ಹೆಸರಿನಲ್ಲಿ ಅದು ವಾಣಿವಿಲಾಸ ಸಾಗರವಾಯಿತು. ಕಟ್ಟೆಗೆ ಬೇಕಾದ ಎರಡು ಗಟ್ಟಿ ಭುಜಗಳನ್ನು ಬೆಟ್ಟಗಳೇ ಒದಗಿಸಿದವು. ಮಳೆಯನ್ನು ಒದಗಿಸುವವರು ಇರಲಿಲ್ಲ: 1933ರಲ್ಲಿ ಕೋಡಿ ಬಿದ್ದ ಕೆರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ.

ಈಗ ಚಿತ್ರದುರ್ಗದ ಕಡೆಗೆ ತಿರುಗಿ. ಐಮಂಗಲದ ಹತ್ತಿರ, ಚಿತ್ರದುರ್ಗಕ್ಕೆ 16 ಕಿ.ಮೀ. ಇರುವಂತೆ ಮರಡಿಹಳ್ಳಿ ಸಿಗುತ್ತದೆ. ಮರಡಿ ಎಂದರೆ ಸಣ್ಣ ಗುಡ್ಡ, ದಿಬ್ಬ. ಊರಿಗೆ ಹೆಸರಿಟ್ಟವರು ಕಂಡದ್ದನ್ನೇ ಹೇಳಿದ್ದಾರೆ. ಮೊದಲ ಸಲ ಹೋದಾಗ ನನಗಂತೂ ಏನೂ ಕಾಣಲಿಲ್ಲ. ನಡುಹಗಲು, ತಲೆ ಸುಡುವ ಬಿಸಿಲು, ಮಾಸಿದ ಹಸಿರು ಬಣ್ಣದ ಬಂಡೆ. ಇದಕ್ಕಾಗಿಯೇ ಇಷ್ಟು ದೂರ ಬಂದೆನೇ ಅನ್ನಿಸಿತ್ತು. ಸಂಜೆ ಓರೆಬಿಸಿಲು ಬಿದ್ದಾಗ ಬಂಡೆಯ ಮೈಮೇಲೆ ಒಂದರ ಪಕ್ಕ ಒಂದು, ಒಂದರ ಮೇಲೊಂದು ದಿಂಬು ಒಟ್ಟಿದಂತೆ ಉಬ್ಬುಗಳು ಎದ್ದು ಬಂದವು.

ಈ ದಿಂಬುಗಳು ಹುಟ್ಟುವ ಬಗೆ ಅಡುಗೆಮನೆಯಲ್ಲಿ ನಿಂತವರಿಗೆ ಬೇಗ ಅರ್ಥವಾಗುತ್ತದೆ. ಹದ ಬಂದಿದೆಯೇ ಎಂದು ನೋಡಲು ಬೆಲ್ಲದ ಪಾಕವನ್ನು ತಣ್ಣೀರಿನ ಬಟ್ಟಲಿಗೆ ಬಿಡುತ್ತೇವಲ್ಲ, ಅದು ಹರಡದೆ ಉಂಡೆಗಟ್ಟುತ್ತದೆ. ಸಾವಿರ ಡಿಗ್ರಿಗೂ ಮೀರಿದ ಬಿಸಿಯ ಲಾವಾ ಕಡಲ ತಳದಲ್ಲಿ ಉಕ್ಕಿದಾಗ ನೀರು ತಾಗಿದ ಕೂಡಲೇ ಅದರ ಹೊರಮೈ ಗಾಜಿನಂತೆ ಬಿಗಿಯುತ್ತದೆ. ಒಳಗಿನದು ಇನ್ನೂ ದ್ರವ. ಹಿಂದಿನಿಂದ ಒತ್ತಡ ಬಂದಾಗ ಸಿಪ್ಪೆ ಬಿರಿದು ಇನ್ನೊಂದು ಉಂಡೆ ಹೊರಚಿಮ್ಮುತ್ತದೆ, ಅದಕ್ಕೂ ಸಿಪ್ಪೆ ಕಟ್ಟುತ್ತದೆ. 1970ರ ದಶಕದಲ್ಲಿ ಹವಾಯಿ ದ್ವೀಪದ ಕಡಲಿನಲ್ಲಿ ಮುಳುಗುಗಾರರು ಇದನ್ನು ಕಣ್ಣಾರೆ ಕಂಡು ಚಿತ್ರೀಕರಿಸಿದರು. ಹಾಗಾಗಿ ಮರಡಿಹಳ್ಳಿಯ ಬಂಡೆ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತದೆ: ಇಂದು ಕುಡಿಯುವ ನೀರಿಗೆ ಪರದಾಡುವ ಈ ಸೀಮೆಯಲ್ಲಿ ಅಂದು ನೀರು ತುಂಬಿತ್ತು.

ಮೆದುವಾಗಿರುವಾಗಲೇ ಕೆಳಗಿನ ಎರಡು ದಿಂಬುಗಳ ಸಂದಿಗೆ ಜೋಲುವುದರಿಂದ ಪ್ರತಿ ದಿಂಬಿನ ನೆತ್ತಿ ದುಂಡಗೆ, ತಳ ಚೂಪು. ಮುಂದೆ ನೆಲ ಮಡಿಚಿ ಪದರಗಳು ತಲೆಕೆಳಗಾಗಿದ್ದರೂ ಯಾವುದು ಮೇಲಿತ್ತು ಎಂಬುದನ್ನು ಈ ಚೂಪಿನಿಂದ ಪತ್ತೆಮಾಡುತ್ತಾರೆ. ಕಲ್ಲಿನ ಹಸಿರು ಬಣ್ಣ ಆಮೇಲಿನದು. ಒತ್ತಡ, ಬಿಸಿಗಳಿಗೆ ಸಿಕ್ಕಿ ಕಪ್ಪು ಲಾವಾದ ಖನಿಜಗಳು ಕ್ಲೋರೈಟ್‌ನಂಥ ಹಸಿರು ಖನಿಜಗಳಾಗಿ ಮಾರ್ಪಟ್ಟಿವೆ. ಇದೇ ಬಗೆಯ ಲಾವಾದ ನಡುವೆ ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲಿ ತಾಮ್ರದ ಅದಿರೂ ಉಂಟು.

ಮರಡಿಹಳ್ಳಿಯ ದಿಂಬುಗಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಆಗ ಗಾಳಿಯಲ್ಲಿ ಆಮ್ಲಜನಕ ಇತ್ತೆನ್ನುವಂತಿರಲಿಲ್ಲ. ಸೂಕ್ಷ್ಮಜೀವಿಗಳ ಹೊರತು ಬೇರೆ ಜೀವವೂ ಇರಲಿಲ್ಲ. ಚಾಮುಂಡಿ ಬೆಟ್ಟ ಇದರ ಮುಂದೆ ಮೊಮ್ಮಗು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1976ರಲ್ಲಿ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು. ದುರ್ಗದ ಕೋಟೆ ನೋಡಲು ಹೋಗುವ ಶಾಲಾ ಪ್ರವಾಸದ ಬಸ್ಸುಗಳಲ್ಲಿ ಬಹುಪಾಲು ಇಲ್ಲಿ ನಿಲ್ಲುವುದಿಲ್ಲ. ಒನಕೆ ಓಬವ್ವನ ಕಿಂಡಿಗೆ ಕೊಡುವ ಹೊತ್ತಿನಲ್ಲಿ ಅರ್ಧ ಗಂಟೆ ಮಿಗಿಸಿದರೆ ಸಾಕಿತ್ತು.

ಹೋಗುವುದಾದರೆ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ನಾಲ್ಕರ ನಂತರ ಹೋಗಿ. ನೆರಳಿಲ್ಲ, ಟೋಪಿ ಇರಲಿ. ಬಂಡೆಗೆ ಸುತ್ತಿಗೆ ತಾಗಿಸಬೇಡಿ, ನೆನಪಿಗೆಂದು ಚೂರು ಎಬ್ಬಿಸಬೇಡಿ. ಎರಡು ಬಾಟಲಿ ನೀರು ಒಯ್ಯಿರಿ: ಒಂದು ಕುಡಿಯಲು, ಇನ್ನೊಂದು ಕಲ್ಲಿನ ಮೇಲೆ ಚಿಮುಕಿಸಲು. ಒದ್ದೆಯಾದ ಕಲ್ಲಿನಲ್ಲಿ ದಿಂಬಿನ ಅಂಚು ಚೆನ್ನಾಗಿ ಕಾಣುತ್ತದೆ.